ಕೂದಲೂ ಕೊಂಕದ ಕ್ಯಾಪ್ಟನ್

ವಾರಪತ್ರಿಕೆಯವರು ಸಂಪತ್ ಕುಮಾರನಿಗೆ ಮಾಡಿದಂಥ ಮೋಸ ಶತ್ರುವಿಗೂ ಬೇಡ. ಒಂದೂವರೆ ವರ್ಷದಿಂದ ಬರುತ್ತಿದ್ದ ಅಂತರಿಕ್ಷದ ಧಾರಾವಾಹಿಯಲ್ಲಿ ಕ್ಯಾಪ್ಟನ್ ವಿಕ್ರಾಂತನ ರಾಕೆಟ್ಟು ಶನಿಗ್ರಹದ ಬಳೆಗೆ ಸಿಕ್ಕಿ ಗಿರಗಿರನೆ ತಿರುಗುತ್ತಿರುವಾಗಲೇ, ಕಾಗದದ ಬೆಲೆ ಏರಿತೆಂದು ಪತ್ರಿಕೆ ನಿಂತುಹೋಯಿತು. ರಾಕೆಟ್ಟು ನಿಲ್ಲಲಿಲ್ಲ. ಅದು ಮಂಡ್ಯದ ಕಚೇರಿಯೊಂದರ ಗುಮಾಸ್ತ ಸಂಪತ್ ಕುಮಾರನ ತಲೆಯೊಳಗೆ ತಿರುಗತೊಡಗಿತು. ಕೊನೆಗೆ ಅವನು ಇನ್ನೂರು ಪುಟದ ನೋಟ್‌ಬುಕ್ ಕೊಂಡು ಮುಂದಿನ ಕಥೆಯನ್ನು ತಾನೇ ಬರೆಯಲು ಕೂತ.

ಆ ತಲೆಯ ಬಗ್ಗೆ ಒಂದು ಮಾತು. ಹೊರಗಿನಿಂದಲೂ ಅದು ನೋಡುವಂಥದ್ದೇ. ಕಿವಿ ಮುಚ್ಚುವ ಕ್ರಾಪು, ದವಡೆಯವರೆಗೆ ಇಳಿದ ಕೆನ್ನೆಗೂದಲು, ಹಣೆಯ ಮೇಲೊಂದು ಅಲೆ. (ಆ ಅಲೆ ಎಬ್ಬಿಸಲು ದಿನಾ ಕಾಲು ಗಂಟೆ ಬೇಕಿತ್ತು, ಅಷ್ಟರಲ್ಲಿ ಕ್ಯಾಪ್ಟನ್ ವಿಕ್ರಾಂತ ಮಂಗಳವನ್ನು ದಾಟಿಬಿಡುತ್ತಿದ್ದ.)

ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ವಾಚನ. ಶ್ರೋತೃವೃಂದವೆಂದರೆ ಹೆಂಡತಿ ಪಂಕಜಮ್ಮ, ತಾಯಿ ತಿರುಮಲಮ್ಮ, ಮತ್ತು ಕೊತ್ತತ್ತಿಯಿಂದ ಹಾಲು ತರುವ ರೇವಮ್ಮ.

"ಜನ ಶನಿ ಬಿಟ್ಟರೆ ಸಾಕು ಅಂತ ಏಳೂವರೆ ವರ್ಷ ಕಾಯ್ತಾರೆ. ಇವನು ತಾನಾಗೇ ಹುಡುಕಿಕೊಂಡು ಹೋಗಿದಾನಲ್ಲೋ" ಎಂದು ತಿರುಮಲಮ್ಮ ಮೊದಲ ದಿನವೇ ನೊಂದುಕೊಂಡರು.

"ಸನಿಮಾತ್ಮ ಬಳೆ ತೊಟ್ಕಂಡವ್ನಾ ಸಾಮಿ? ಗಂಡ್ಸಲ್ವಾ?" ಎಂದಳು ರೇವಮ್ಮ.

"ಅದು ಕಲ್ಲು, ಮಂಜುಗಡ್ಡೆಯ ಬಳೆ ಕಣಮ್ಮ."

"ಯಾವ್ ಬಳೆ ಆದ್ರೂ ಬಳೆನೇಯ, ಬುಡಿ."

ಅದೇ ಧಾರಾವಾಹಿಗೆ ಮುಂದಿನ ಕಥೆ ಬರೆಯುತ್ತಿದ್ದ ಇನ್ನೊಂದು ಪ್ರಾಣಿ ಈ ಭೂಮಂಡಲದಲ್ಲಿತ್ತು: ಮಳವಳ್ಳಿಯ ಸೈನ್ಸ್ ಮೇಷ್ಟ್ರು ರಾಮಾನುಜ. ಇಬ್ಬರ ನೋಟ್‌ಬುಕ್ಕುಗಳೂ ಬಸ್ಸಿನಲ್ಲಿ ಓಡಾಡುತ್ತಿದ್ದವು. ಸಂಪತ್ ಕುಮಾರನ ಹದಿನಾಲ್ಕನೇ ಅಧ್ಯಾಯದ ಅಂಚಿನಲ್ಲಿ ರಾಮಾನುಜ ಕೆಂಪು ಶಾಯಿಯಲ್ಲಿ ಬರೆದ: 'ನಿನ್ನ ನಾಯಕನಿಗೆ ಏನೂ ಆಗುವುದೇ ಇಲ್ಲವಲ್ಲ. ಧೈರ್ಯವಿದ್ದರೆ ಸಾಯಿಸಿ ತೋರಿಸು.'

ಸಂಪತ್ ಕುಮಾರನಿಗೆ ಮೈಯೆಲ್ಲ ಉರಿಯಿತು. ಮರುಭಾನುವಾರ ಕ್ಯಾಪ್ಟನ್ನನ ಇಂಧನ ಖಾಲಿ ಮಾಡಿ, ಮೂರೇ ಗಂಟೆಯ ಆಮ್ಲಜನಕ ಉಳಿಸಿ, ನೋಟ್‌ಬುಕ್ ಮುಚ್ಚಿದ. "ಬರೋ ಭಾನುವಾರ ಮುಕ್ತಾಯ" ಎಂದ.

"ಸಾಯ್ತಾನಾ?" ಪಂಕಜಮ್ಮ ಕೇಳಿದಳು.

"ವಿಜ್ಞಾನದಲ್ಲಿ ದಯೆದಾಕ್ಷಿಣ್ಯ ಇಲ್ಲ ಪಂಕಜಾ."

"ಅಡುಗೆಮನೇಲೂ ಇಲ್ಲ. ಎದ್ದು ಬಂದು ಗೊಜ್ಜಿಗೆ ಹುಣಿಸೆಹಣ್ಣು ಕಿವುಚಿಕೊಡಿ."

ಹದಿನೈದನೇ ಅಧ್ಯಾಯ ಬರೆಯುತ್ತ ಅವನು ಎರಡು ಸಲ ಅತ್ತ. ಸಾವು ಅಷ್ಟು ಚೆನ್ನಾಗಿ ಬಂದಿತ್ತು.

ಭಾನುವಾರ ಬಂತು. ನೋಟ್‌ಬುಕ್ ತೆರೆಯುವಷ್ಟರಲ್ಲಿ ರೇವಮ್ಮ ಮುಂದೆ ಬಂದು ಅವನ ನಾಮದ ಮೇಲೇ ಒಂದು ಚಿಟಿಕೆ ವಿಭೂತಿ ಇಟ್ಟಳು.

"ತವರಿಗೆ ಓಗಿದ್ದೆ ಸಾಮಿ. ವೈದ್ಯನಾಥಪುರದ ಗುಡೀಲಿ ನವಗ್ರಹಕ್ಕೆ ಎಳ್ಳೆಣ್ಣೆ ದೀಪ ಅಚ್ಚಿ, ಅರ್ಚನೆ ಮಾಡ್ಸ್ಕಬಂದೆ. ಅಮ್ಮಾರೇ ಎಣ್ಣೆ ಕೊಟ್ಟು ಕಳ್ಸಿದ್ರು."

ಹುಟ್ಟಿದಾರಭ್ಯ ಶಿವನ ಗುಡಿಯ ನೆರಳನ್ನೂ ತುಳಿಯದ ತಿರುಮಲಮ್ಮ ಸೂರು ನೋಡುತ್ತಿದ್ದರು.

"ಯಾರ ಹೆಸರಿಗೆ ಅರ್ಚನೆ?" ಸಂಪತ್ ಕುಮಾರ ಕೇಳಿದ.

"ಕ್ಯಾಪ್ಟನ್ನು ಅಂದೆ. ಅಯ್ನೋರು ಗೋತ್ರ, ನಕ್ಸತ್ರ ಅಂದ್ರು. ನಂಗೇನ್ ಗೊತ್ತು? ನಿಮ್ಮೆಸ್ರೇ ಯೋಳ್ದೆ. ಉಟ್ಸಿದ್ದು ನೀವೇ ತಾನೆ?"

"ಈಗ ಅವನು ಸತ್ತರೆ?" ಪಂಕಜಮ್ಮ ತಾಳಿ ಮುಟ್ಟಿಕೊಂಡಳು.

"ಅರ್ಚನೆ ಇವ್ರ ಎಸ್ರಲ್ಲೇ ಅದೆ ಕಣಮ್ಮ" ಎಂದಷ್ಟೇ ಹೇಳಿ ರೇವಮ್ಮ ಕಂಬಕ್ಕೆ ಒರಗಿ ಕೂತಳು.

ಸಂಪತ್ ಕುಮಾರ ವಿಜ್ಞಾನದ ಮನುಷ್ಯ. ಗ್ರಹವನ್ನು ನಂಬುತ್ತಿದ್ದ, ಗ್ರಹಚಾರವನ್ನಲ್ಲ. ಆದರೆ 'ಕ್ಯಾಪ್ಟನ್ ಕೊನೆಯ ಉಸಿರೆಳೆದ' ಎಂಬ ಸಾಲಿನ ಮೇಲೆ ಬೆರಳಿಟ್ಟಾಗ ಅವನಿಗೇ ಉಸಿರು ಕಟ್ಟಿದಂತಾಯಿತು. (ಬಿಸಿಲಿನಿಂದ ಹಾಗಾಯಿತು ಎಂದು ಆಮೇಲೆ ಹೇಳಿದ.) ಕಣ್ಣನ್ನು ಪುಟದ ಮೇಲೇ ಇಟ್ಟು, ಅಲ್ಲಿ ಇಲ್ಲದ್ದನ್ನು ಓದತೊಡಗಿದ: "ಇಂಧನ ಮುಗಿದಿತ್ತು. ಆಗ ಕ್ಯಾಪ್ಟನ್ನನ ಕಣ್ಣಿಗೆ ಮೂಲೆಯಲ್ಲಿ... ಮೂಲೆಯಲ್ಲಿ..."

"ಎಳ್ಳೆಣ್ಣೆ" ಎಂದರು ತಿರುಮಲಮ್ಮ ಮೆಲ್ಲಗೆ.

"...ಎಳ್ಳೆಣ್ಣೆಯ ಡಬ್ಬ ಬಿತ್ತು. ಹೊಯ್ದ ಕೂಡಲೇ ಇಂಜಿನ್ ಭರ್ರೆಂದಿತು. ರಾಕೆಟ್ಟು ಬಳೆಯಿಂದ ಬಿಡಿಸಿಕೊಂಡು ಹಾರಿತು. ಕ್ಯಾಪ್ಟನ್ ವಿಕ್ರಾಂತ ಒಂದು ಕೂದಲೂ ಕೊಂಕದೆ ಭೂಮಿಗೆ ಇಳಿದ."

ತಿರುಮಲಮ್ಮ ಕಣ್ಣೊರೆಸಿಕೊಂಡರು. ಪಂಕಜಮ್ಮ ಆ ಸಂತೋಷಕ್ಕೆ ಎಲ್ಲರಿಗೂ ಎರಡನೇ ಸಲ ಕಾಫಿ ಕೊಟ್ಟಳು, ಅದೂ ಚಿಕೋರಿ ಬೆರೆಸದ್ದು. ರಾಮಾನುಜ ಏನಾದರೂ ಬರೆದುಕೊಳ್ಳಲಿ, ಸಂಪತ್ ಕುಮಾರನ ಮನಸ್ಸೂ ಹಗುರವಾಗಿತ್ತು. ಕ್ಯಾಪ್ಟನ್ ಎಂದರೆ ಅವನಿಗೂ ಪ್ರಾಣವೇ.

"ಅರಕೆ ಪಲಿಸ್ತು" ಎಂದಳು ರೇವಮ್ಮ. "ಯಾವತ್ತು ಓಗವಾ ಸಾಮಿ?"

"ಎಲ್ಲಿಗೆ?"

"ಬದುಕಿ ಇಳುದ್ರೆ ಮುಡಿ ಕೊಡ್ಸ್ತೀನಿ ಅಂತ ಅರಕೆ ಕಟ್ಕಂಡಿವ್ನಿ."

"ಕೊಡಲಿ, ಕ್ಯಾಪ್ಟನ್ ಕೊಡಲಿ" ಎಂದು ಸಂಪತ್ ಕುಮಾರ ನಕ್ಕ.

"ಅವನ್ನ ಎಲ್ಲಿಂದ ಕರ್ಕಬರ್ಲಿ? ಅರ್ಚನೆ ಯಾರ ಎಸ್ರಲ್ಲೋ ಮುಡಿನೂ ಅವ್ರದೇಯ. ಅರಕೆ ತಪ್ಪುದ್ ಮನೆಗೆ ಆಲು ತರಕ್ಕೆ ನಂಗೆ ಎದ್ರಿಕೆ ಕಣಪ್ಪ."

ಅವನು ತನ್ನ ಸಂಪ್ರದಾಯದ ಕೊನೆಯ ಬಾಣ ಬಿಟ್ಟ: "ಅಮ್ಮ, ನಾವು ಶಿವನ ಗುಡೀಲಿ ಮುಡಿ ಕೊಡೋದುಂಟಾ?"

"ವೈದ್ಯ ಯಾರಾದರೇನೋ, ವಾಸಿ ಮಾಡಿದಾನಲ್ಲ" ಎಂದರು ತಿರುಮಲಮ್ಮ.

ವೈದ್ಯನಾಥಪುರದಿಂದ ಬಂದ ದಿನವೇ ಅವನು ಹೊಸ ಮುಕ್ತಾಯವನ್ನು ಬರೆದು ಮಳವಳ್ಳಿ ಬಸ್ಸಿಗೆ ಹಾಕಿದ. ಎರಡು ದಿನಕ್ಕೆ ನೋಟ್‌ಬುಕ್ ಹಿಂದಿರುಗಿತು. ಅಂಚಿನಲ್ಲಿ ಕೆಂಪು ಶಾಯಿ: 'ಎಳ್ಳೆಣ್ಣೆ ಇಂಜಿನ್ ಒಳ್ಳೆಯ ಕಲ್ಪನೆ. ಆದರೆ ಶನಿಯ ಕೈಗೆ ಸಿಕ್ಕವನು ಒಂದು ಕೂದಲೂ ಕೊಂಕದೆ ಪಾರಾದ ಎಂದರೆ ಯಾರು ನಂಬುತ್ತಾರೆ? ಸ್ವಲ್ಪವಾದರೂ ನಷ್ಟ ತೋರಿಸಬೇಕಿತ್ತು.'

ಸಿಟ್ಟು ಬಂದಾಗಲೆಲ್ಲ ಹಣೆಯ ಅಲೆಯನ್ನು ನೇವರಿಸಿಕೊಳ್ಳುವುದು ಸಂಪತ್ ಕುಮಾರನ ಅಭ್ಯಾಸ. ಕೈ ಎತ್ತಿದ. ಅದು ಎಲ್ಲೂ ತಡೆಯದೆ ಹಣೆಯಿಂದ ಹೊರಟು ಕತ್ತಿನವರೆಗೆ ಜಾರಿಹೋಯಿತು.