ಪೂಜೆಗೆ ಕುಳಿತ ಬಂದೂಕು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ಒಂದು ಸೀಟಿ ಊದಿದರೆ ನಾನೂರು ಹುಡುಗರು ಗೆರೆ ಎಳೆದಂತೆ ನಿಲ್ಲುತ್ತಿದ್ದರು. ಅಂಥವನಿಗೆ ಒಂದು ಮನೆ, ಒಬ್ಬ ಹೆಂಡತಿ, ಎರಡು ಎಮ್ಮೆ ಕಾಯುವುದು ಏನು ಮಹಾ ಕೆಲಸ? ಹೀಗೆಂದು ನಾನು ನಂಬಿದ್ದೆ. ನಂಬಲಿಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ನೋಡಿ!

ನಮ್ಮ ಮನೆ ದುಂಡಸಿ ಊರಿನ ಅಂಚಿನಲ್ಲಿದೆ. ಹಿತ್ತಲು ದಾಟಿದರೆ ಗೋವಿನಜೋಳದ ಹೊಲ. ಶ್ರಾವಣದಲ್ಲಿ ನಮ್ಮಿಂದ ಮೂರನೆಯ ಮನೆಗೆ ಹಾಡಹಗಲೇ ಕಳ್ಳರು ನುಗ್ಗಿ, ಅಲ್ಲಿದ್ದ ಮುದುಕಿಯನ್ನು ಅಡುಗೆಮನೆಯಲ್ಲಿ ಕೂಡಿಹಾಕಿ, ಸಿಕ್ಕಿದ್ದನ್ನು ಹೊತ್ತೊಯ್ದರು. ಅಂದಿನಿಂದ ನನ್ನ ಹೆಂಡತಿ ಗಿರಿಜಾ ಹಗಲಲ್ಲೂ ಒಳಗಿನಿಂದ ಚಿಲಕ ಹಾಕಿಕೊಂಡು ಕೂಡತೊಡಗಿದಳು. ನಾನು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಆಕೆಯ ಮುಖ ಬಿಳಿಚಿಕೊಂಡಿರುತ್ತಿತ್ತು.

“ಏನ್ರಿ, ದಸರಾ ತನಕ ನೋಡ್ತೇನಿ,” ಎಂದಳು ಒಂದು ದಿನ. “ಆಮ್ಯಾಲೂ ಹಿಂಗ ಜೀವ ಕೈಯಾಗ ಹಿಡ್ಕೊಂಡು ಕುಂದ್ರೂದಾದ್ರ, ನಾ ಸವಣೂರಿಗೆ ನನ್ನ ತಮ್ಮನ ಮನೀಗೆ ಹೋಗಿಬಿಡ್ತೇನಿ.”

“ಯಾಕ, ನಾ ಇಲ್ಲೇನು?”

“ನೀವು ಇದ್ರ ನನಗ ಹೆಚ್ಚು ಹೆದರಿಕಿ. ಇಬ್ಬರನ್ನ ಕಾಯಬೇಕಾಗತೈತಿ!”

ಮಾತು ನೆಟ್ಟಗೆ ಎದೆಗೆ ನಾಟಿತು. ಆಕೆ ತಮಾಷೆಗೆ ಹೇಳಿರಲಿಲ್ಲ. ಗಿರಿಜಾ ಇಲ್ಲದ ಆ ಮನೆಯನ್ನು ನೆನೆಸಿಕೊಂಡರೆ ನನಗೆ ನಿಜಕ್ಕೂ ಭಯವಾಯಿತು.

ಆಗ ನೆನಪಾದದ್ದು ಅಟ್ಟದ ಮೇಲಿನ ಬಂದೂಕು. ಕಾಡುಹಂದಿಯಿಂದ ಬೆಳೆ ಕಾಯಲೆಂದು ಅಪ್ಪ ಲೈಸೆನ್ಸು ಪಡೆದಿದ್ದ ಒಂಟಿ ನಳಿಗೆಯ ಬಂದೂಕು. ಅಪ್ಪನ ನಂತರ ನನ್ನ ಹೆಸರಿಗೆ ಬಂತು. ಲೈಸೆನ್ಸನ್ನು ತಪ್ಪದೆ ನವೀಕರಿಸಿದ್ದೆ. ಬಂದೂಕನ್ನು ಒಮ್ಮೆಯೂ ಹಾರಿಸಿರಲಿಲ್ಲ. ಕೆಳಗಿಳಿಸಿ, ಧೂಳು ಒರೆಸಿ, ಕೈಗೆ ಸಿಕ್ಕ ಕೊಬ್ಬರಿ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದೆ. ಮರುದಿನ ನಳಿಗೆಯ ತುಂಬ ಇರುವೆ!

“ಅದ್ರಾಗ ಗುಂಡು ಐತೇನು?” ಎಂದು ಗಿರಿಜಾ ದೂರದಿಂದಲೇ ಕೇಳಿದಳು.

“ಛೆ ಛೆ, ಖಾಲಿ ಐತಿ. ಬರೇ ಹೆದರ್ಸಾಕ.”

ಆಗ ಅದು ಖಾಲಿಯೇ ಇತ್ತು. ಸಂಜೆ ನನ್ನ ತಲೆಗೆ ಹೊಳೆಯಿತು: ಖಾಲಿ ಬಂದೂಕಿಗೂ ಒಲೆ ಊದುವ ಕೊಳವೆಗೂ ಏನು ವ್ಯತ್ಯಾಸ? ಅಪ್ಪನ ಕಾಲದಿಂದ ಉಳಿದಿದ್ದ ಒಂದು ಗುಂಡಿನ ತೋಟಾ ಗುಟ್ಟಾಗಿ ತುಂಬಿಸಿದೆ. ಹೆಂಡತಿಗೆ ಹೇಳಲಿಲ್ಲ. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ದೊಡ್ಡ ದಡ್ಡತನ ಇದೇ ಎಂದು ಈಗ ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತೇನೆ.

ಬಂದೂಕಿನ ಸುದ್ದಿ ತಿಳಿದು ಸವಣೂರಿನಿಂದ ನನ್ನ ಹೆಂಡತಿಯ ತಮ್ಮ ಶಿವಾನಂದ ಓಡಿಬಂದ. ಚೂಡಾ, ಸೇವು ಮಾರುವ ಖಾರದ ಅಂಗಡಿ ಇಟ್ಟವನು, ಬಾಯಿಯೂ ಅಷ್ಟೇ ಖಾರ.

“ಮಾಮಾ, ಬಂದೂಕಿಗೆ ಕಳ್ಳ ಯಾರು, ಕಳ್ಳರಲ್ಲದವರು ಯಾರು ಅಂತ ಗೊತ್ತಾಗತೈತೇನ್ರಿ? ಅಲಾರಂ ಹಾಕಿಸ್ರಿ. ತಪ್ಪಿದ್ರ ಒದರತೈತಿ, ಅಷ್ಟ. ಯಾರದೂ ಜೀವ ಹೋಗಂಗಿಲ್ಲ.”

“ಒದರೂದಕ್ಕ ನಿಮ್ಮಕ್ಕ ಅದಾಳಲ್ಲೋ!”

ಈ ಮಾತಿಗೆ ಎರಡು ದಿನ ನನಗೆ ರೊಟ್ಟಿಯ ಜೊತೆ ಪಲ್ಯ ಸಿಗಲಿಲ್ಲ. ಅಲಾರಂ ಬಂತು. ಹಿತ್ತಲ ಬಾಗಿಲ ಮೇಲೆ ಒಂದು ಡಬ್ಬಿ, ಅದಕ್ಕೊಂದು ಕಣ್ಣು. ಕಣ್ಣ ಮುಂದೆ ಯಾರೇ ಹಾಯ್ದರೂ ಊರಿಗೆ ಊರೇ ಏಳುವಂತೆ ಕೂಗುತ್ತಿತ್ತು. ಮೊದಲ ದಿನ ಬೆಕ್ಕಿಗೆ ಕೂಗಿತು. ಪಕ್ಕದ ಮನೆಯ ಫಕ್ಕೀರಪ್ಪ ಬಡಿಗೆ ಹಿಡಿದು ಓಡಿಬಂದ. ಎಮ್ಮೆಗೆ ಕೂಗಿತು, ಮತ್ತೆ ಬಂದ. ನನಗೇ ಕೂಗಿತು, ಆಗಲೂ ಬಂದ, ಆದರೆ ಬಡಿಗೆ ತರಲಿಲ್ಲ. ನಾಲ್ಕನೆಯ ಸಲ ತನ್ನ ಕಟ್ಟೆಯ ಮೇಲಿಂದಲೇ ಕೇಳಿದ: “ಮಾಸ್ತರ, ಬೆಕ್ಕೇನ್ರಿ?”

ಇದಾದ ಮೇಲೆ ಬಂದೂಕೇ ಸರಿ ಎಂಬ ನನ್ನ ವಾದಕ್ಕೆ ಬಲ ಬಂತು. ಮೀಸೆಗೂ ಬಂತು.

ಮಹಾನವಮಿ ಬಂದಿತು. ಅಂದು ನಮ್ಮಲ್ಲಿ ಖಂಡೆ ಪೂಜೆ. ಮನೆಯ ಆಯುಧಗಳನ್ನೆಲ್ಲ ತೊಳೆದು ಪೂಜೆಗೆ ಇಟ್ಟರೆ, ಮರುದಿನ ಬನ್ನಿ ತರುವವರೆಗೆ ಯಾರೂ ಮುಟ್ಟುವಂತಿಲ್ಲ. ಗಿರಿಜಾ ಕುಡುಗೋಲು, ಕೊಡಲಿ, ನನ್ನ ಸೀಟಿ, ಎಲ್ಲವನ್ನೂ ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟಳು. ನಡುವೆ ಮಣೆಯ ಮೇಲೆ ಬಂದೂಕು. ಪೂಜೆಗೆ ಮುನ್ನ ತೋಟಾ ತೆಗೆದುಬಿಡೋಣ ಎಂದುಕೊಂಡೆ. ಆಕೆ ಬೆನ್ನಿಗೇ ನಿಂತಿದ್ದಳು. ತೆಗೆದರೆ ನನ್ನ ಸುಳ್ಳು ಹೊರಬೀಳುತ್ತದೆ. ಸುಮ್ಮನೆ ಆರತಿ ತೆಗೆದುಕೊಂಡೆ.

“ಅಲಾರಮ್ಮೂ ಆಯುಧನ ಅಲ್ಲೇನ್ರಿ?” ಎಂದು ಗಿರಿಜಾ ಅದಕ್ಕೂ ವಿಭೂತಿ ಬಳಿದು, ಚೆಂಡುಹೂವಿನ ದಪ್ಪ ಮಾಲೆ ಹಾಕಿದಳು. ಕಣ್ಣು ಪೂರ್ತಿ ಮುಚ್ಚಿಹೋಯಿತು. ಹಬ್ಬದ ಗಡಿಬಿಡಿಯಲ್ಲಿ ಇಬ್ಬರೂ ಗಮನಿಸಲಿಲ್ಲ, ಹಿತ್ತಲ ಬಾಗಿಲಿಗೆ ಚಿಲಕ ಹಾಕುವುದನ್ನೂ ಮರೆತೆವು.

ಹೋಳಿಗೆ ಉಂಡು ಅಡ್ಡಾಗಿದ್ದೆವು. ಮೂರು ಗಂಟೆಯ ಹೊತ್ತು. ಹಿಂದಿನ ಕಾಳಿನ ಕೋಣೆಯಲ್ಲಿ ಏನೋ ಸರಿದಂತಾಯಿತು. ಬಾಗಿಲು ಕಿರ್ ಎಂದಿತು. ಆಮೇಲೆ ಹೆಜ್ಜೆ. ಬೆಕ್ಕಿನದಲ್ಲ, ಮನುಷ್ಯನದು!

ಗಿರಿಜಾ ನನ್ನ ಕೈ ಹಿಡಿದಳು. ಆಕೆಯ ಬೆರಳು ತಣ್ಣಗಿದ್ದವು. “ಅಲಾರಂ ಯಾಕ ಒದರಲಿಲ್ರಿ?”

“ಪೂಜಾಕ ಕುಂತೈತಲ್ಲ!” ಎಂದು ಪಿಸುಗುಟ್ಟಿ, ನಾಲ್ಕು ಕಾಲಲ್ಲಿ ತೆವಳುತ್ತ ಬಂದೂಕಿನತ್ತ ಹೋದೆ. ಆಕೆ ನನಗಿಂತ ಮೊದಲೇ ಅಲ್ಲಿ ಮುಟ್ಟಿ, ಬಂದೂಕಿನ ಮುಂದೆ ಕುಳಿತುಬಿಟ್ಟಳು.

“ಮುಟ್ಟಬ್ಯಾಡ್ರಿ. ಬನ್ನಿ ಆಗಿಲ್ಲ.”

“ಕಳ್ಳ ಬಂದಾನ, ಸರಿ ಅತ್ಲಾಗ!”

“ಯಾರರ ಬರ್ಲಿ. ಪೂಜಾಕ ಕುಂತದ್ದನ್ನ ಎತ್ತಿದ್ರ ಮನೀಗೆ ಒಳ್ಳೇದಲ್ಲ. ಮ್ಯಾಲ ಅದು ಖಾಲಿ ಐತಿ ಅಂದೀರಿ!”

ಆಕೆಯ ಹೆಗಲ ಮೇಲಿಂದ ಕೈ ಚಾಚಿದೆ. ಬಂದೂಕಿನ ಹಿಡಿ ಬೆರಳಿಗೆ ತಾಕಿತು. ಗಿರಿಜಾ ನನ್ನ ಮುಂಗೈಯನ್ನು ಎರಡೂ ಕೈಯಿಂದ ಅಮುಕಿ ಹಿಡಿದಳು. ಹೆಜ್ಜೆ ಹತ್ತಿರ ಬಂತು. ಬಾಗಿಲ ಪರದೆ ಅಲುಗಾಡಿತು. ಇನ್ನೊಂದು ಕ್ಷಣ ಸಿಕ್ಕಿದ್ದರೆ ಕೈ ಬಿಡಿಸಿಕೊಳ್ಳುತ್ತಿದ್ದೆ. ಸಿಗಲಿಲ್ಲ. ಎದ್ದು ನಿಂತು, ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಆಜ್ಞೆ ಕೊಟ್ಟೆ:

“ವಿಶ್ರಾಮ್!”

‘ಸಾವಧಾನ್’ ಎನ್ನಬೇಕಾಗಿತ್ತು. ಕಳ್ಳನಿಗೆ ಆರಾಮಾಗಿ ನಿಲ್ಲು ಎಂದುಬಿಟ್ಟೆ!

ಪರದೆ ಸರಿಸಿ ಕಳ್ಳ ಒಳಗೆ ಬಂದ. ಕೈಯಲ್ಲಿ ಖಾರದ ಪೊಟ್ಟಣ. ಶಿವಾನಂದ!

“ನಾಳೆ ಬರಾಂವ ಇದ್ದೆ ಮಾಮಾ. ಅಲಾರಂ ಪರೀಕ್ಷೆ ಮಾಡೂಣಂತ ಇವತ್ತ ಹಿತ್ತಲದಿಂದ ಕಳ್ಳನಂಗ ಬಂದೆ. ಒದರಲೇ ಇಲ್ಲಲ್ರಿ!” ಎಂದು ಬಿದ್ದು ಬಿದ್ದು ನಕ್ಕ. ನಗುತ್ತ ನಗುತ್ತ ಮಣೆಯ ಮುಂದೆ, ಸರಿಯಾಗಿ ನಳಿಗೆಯ ಎದುರಿಗೆ ಕುಕ್ಕರಿಸಿದ. “ಏನಕ್ಕಾ, ಈ ಖಾಲಿ ಕೊಳವಿ ಹಿಡ್ದು ನನ್ನ ಹೆದರ್ಸಾವ್ರು ಇದ್ರೇನು ಮಾಮಾ?”

ನಾನು ಅವನತ್ತ ಕೈ ಚಾಚಿದೆ.

“ಶಿವಾನಂದ, ಎದ್ದು ಈಕಡೆ ಬಾ,” ಎಂದೆ. “ಅದು ಖಾಲಿ ಇಲ್ಲ.”

ನಗು ನಿಂತಿತು. ಗಿರಿಜಾ ತಮ್ಮನ ತೋಳು ಹಿಡಿದು ತನ್ನತ್ತ ಎಳೆದುಕೊಂಡಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನನ್ನ ಮುಖ ನೋಡಿ, “ಒಬ್ಬಾವ ತಮ್ಮ ಅದಾನ್ರಿ ನನಗ,” ಎಂದಳು, ಅಷ್ಟೇ. ಅದಕ್ಕಿಂತ ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು.

ತೋಟಾ ತೆಗೆಯುತ್ತೇನೆಂದೆ. “ತುಂಬಿದ ಕೈಲೆ ಬ್ಯಾಡ,” ಎಂದಳು. ಆ ಕೋಣೆಗೆ ಬೀಗ ಹಾಕಿ, ಮೂವರೂ ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಕಳ್ಳನಿಗೆ ಹೆದರಿ ಎರಡು ತಿಂಗಳು ಒಳಗೆ ಕುಳಿತವರು, ನಮ್ಮದೇ ಬಂದೂಕಿಗೆ ಹೆದರಿ ಹೊರಗೆ ಕುಳಿತೆವು! ಮರುದಿನ ಬನ್ನಿ ಹಂಚಿದ ಮೇಲೆ ಫಕ್ಕೀರಪ್ಪ ಬಂದು ತೋಟಾ ಹೊರತೆಗೆದ. ಆತ ಅಪ್ಪನ ಜೊತೆ ಹಂದಿ ಕಾಯಲು ಹೋಗುತ್ತಿದ್ದವನು.

ಹಬ್ಬ ಮುಗಿದ ಕೂಡಲೇ ಬಂದೂಕನ್ನು ಠಾಣೆಗೆ ಒಪ್ಪಿಸಲು ಹೋದೆ. ಯಾಕೆ ಒಪ್ಪಿಸುತ್ತಿದ್ದೀರಿ, ಕಾರಣ ಬರೆಯಿರಿ ಎಂದು ಅಲ್ಲಿಯವರು ಕಾಗದ ಮುಂದಿಟ್ಟರು. ಬಹಳ ಹೊತ್ತು ಯೋಚಿಸಿ, ‘ಮನೆಯವರ ರಕ್ಷಣೆಗಾಗಿ’ ಎಂದು ಬರೆದೆ. ಓದಿದ ಪೊಲೀಸಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಮಾಸ್ತರ, ಎಲ್ಲಾರೂ ಇದನ್ನ ಬರದು ಬಂದೂಕು ಕೇಳಾಕ ಬರ್ತಾರ್ರಿ,” ಎಂದ.

ಗಿರಿಜಾ ಸವಣೂರಿಗೆ ಹೋಗಲಿಲ್ಲ. ನನ್ನ ಸೀಟಿಯನ್ನು ಕೊರಳಿಗೆ ಹಾಕಿಕೊಂಡಿದ್ದಾಳೆ. ಅದನ್ನು ಊದಿದರೆ ಮಾತ್ರ ಬರಬೇಕು, ಡಬ್ಬಿ ಕೂಗಿದರೆ ಬರುವುದು ಬೇಡ ಎಂದು ಓಣಿಯವರಿಗೆಲ್ಲ ಹೇಳಿಟ್ಟಿದ್ದಾಳೆ. ಹಗಲು ಬಾಗಿಲು ತೆರೆದಿರುತ್ತದೆ. ಅಲಾರಮ್ಮಿನ ಕಣ್ಣನ್ನೂ ಒರೆಸಿದ್ದಾಳೆ. ನಾನು ಡೇರಿಯಿಂದ ಹಿತ್ತಲ ಬಾಗಿಲಿಗೆ ಬಂದರೆ ಅದು ಈಗಲೂ ತಪ್ಪದೆ ಕೂಗುತ್ತದೆ. ಫಕ್ಕೀರಪ್ಪ ಕಟ್ಟೆಯಿಂದ ಏಳದೆ ಕೇಳುತ್ತಾನೆ:

“ಬೆಕ್ಕೇನವ್ವಾ?”

“ಇಲ್ಲಣ್ಣ,” ಎಂದು ಗಿರಿಜಾ ಒಳಗಿನಿಂದಲೇ ಹೇಳುತ್ತಾಳೆ. “ಮಾಸ್ತರ ಅದಾರ. ಹೆದರೂವಂಥದ್ದೇನಿಲ್ಲ.”