ಅನಂತರಾಜು ಸಂಪಿಗಿಳಿದ ಪ್ರಸಂಗ

ಹೆಂಡತಿ ಬೈದರೆ ಅನಂತರಾಜುವಿಗೆ ಬೇಸರವಿರಲಿಲ್ಲ. ಮಾವ ಹೊಗಳದಿದ್ದರೆ ಮಾತ್ರ ಅನ್ನ ಸೇರುತ್ತಿರಲಿಲ್ಲ. ಹೋದ ವರ್ಷ ಕೋಗಿಲು ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ಅವನು ಎಲೆಕ್ಟ್ರಿಕ್ ಗಿಟಾರ್ ನುಡಿಸಿದಾಗ, ಮುಂದಿನ ಸಾಲಿನಲ್ಲಿದ್ದ ಮಾವ ಮುನಿಶಾಮಪ್ಪನವರು ಇಡೀ ಬೀದಿಗೆ ಕೇಳುವಂತೆ, "ಅಳಿಯಂದ್ರೇ, ಡಬ್ಬದಾಗೆ ಜೇನುನೊಣ ಸಿಕ್ಕಾಕ್ಕೊಂಡಂಗೈತೆ, ಬಿಟ್ಬಿಡಿ ಪಾಪ" ಎಂದಿದ್ದರು. ಈ ವರ್ಷವೂ ಅದೇ ಪೆಂಡಾಲು, ಅದೇ ಮಾವ. ಹೇಗಾದರೂ ಮಾನ ಉಳಿಯಬೇಕಿತ್ತು.

ತಪ್ಪು ತನ್ನ ಬೆರಳಿನದಲ್ಲ, ಪ್ರೊಸೆಸರಿನದು ಎಂದು ಅವನು ತೀರ್ಮಾನಿಸಿದ್ದ. (ಬೆರಳು ಬದಲಾಯಿಸಲು ಬರುವುದಿಲ್ಲವಲ್ಲ!) ಪ್ರೊಸೆಸರ್ ಎಂದರೆ ಕಾಲಲ್ಲಿ ಒತ್ತುವ ಗುಂಡಿಗಳಿರುವ ಪೆಟ್ಟಿಗೆ, ಗಿಟಾರಿನ ದನಿ ಅದರೊಳಗೆ ಹೊಕ್ಕು ಬೇರೆ ವೇಷದಲ್ಲಿ ಹೊರಬರುತ್ತದೆ. ಅದಕ್ಕೆ 'ಇಂಪಲ್ಸ್ ರೆಸ್ಪಾನ್ಸ್' ತುಂಬಿದರೆ ಸ್ವರ್ಗವೇ ಇಳಿದುಬರುತ್ತದೆಂದು ಯೂಟ್ಯೂಬಿನ ಪಂಡಿತರೊಬ್ಬರು ಬೋಧಿಸಿದರು. ಒಳ್ಳೆಯ ಮಾರ್ದನಿ ಏಳುವ ಜಾಗದಲ್ಲಿ ಬಲೂನು ಒಡೆದು, ಆ ಢಮಾರು ಮೊಳಗಿ ಅಡಗುವುದನ್ನು ರೆಕಾರ್ಡ್ ಮಾಡಿ ಪೆಟ್ಟಿಗೆಗೆ ಉಣಿಸಬೇಕು. ಆಮೇಲೆ ಎಲ್ಲಿ ನುಡಿಸಿದರೂ ಆ ಜಾಗದಲ್ಲೇ ನುಡಿಸಿದಂತೆ ಕೇಳುತ್ತದಂತೆ. ಪಂಡಿತರು ಗುಹೆ, ಗುಮ್ಮಟ ಎಂದೆಲ್ಲ ಹೇಳಿದರು. ಅನಂತರಾಜು ತನ್ನ ಅಂಗಳವನ್ನು ನೋಡಿದ. ಅಲ್ಲಿ ನೀರಿನ ಸಂಪಿತ್ತು.

ಹೆಂಡತಿ ಶಶಿರೇಖಾ ಸೊಪ್ಪು ತರಲು ಹೋದ ಹೊತ್ತು ನೋಡಿ, ಹಿಂದಿನ ದಿನವಷ್ಟೇ ಟ್ಯಾಂಕರಿನಿಂದ ತುಂಬಿಸಿದ್ದ ನೀರನ್ನೆಲ್ಲ ತೆಂಗಿನ ಮರಗಳಿಗೆ ಬಿಟ್ಟು, ಏಣಿ ಇಳಿದು ಪಾತಾಳ ಪ್ರವೇಶ ಮಾಡಿದ. ಮೈಕ್ ಇಟ್ಟ, ಬಲೂನು ಒಡೆದ. ಢಮಾರ್! ಅದರ ಬೆನ್ನಿಗೇ ಮೇಲಿನಿಂದ, "ಏನ್ರೀ!"

ಎಂಥ "ಏನ್ರೀ" ಅದು! ಸಂಪಿನ ನಾಲ್ಕು ಗೋಡೆಗಳೂ ಅದನ್ನು ಭಕ್ತಿಯಿಂದ ಪುನರುಚ್ಚರಿಸಿದವು.

"ನೀರೆಲ್ಲ ಎಲ್ಹೋಯ್ತು?" ಎಂದಳು ಶಶಿರೇಖಾ.

"ಕಲೆಗೆ ಸಮರ್ಪಣೆ ಆಯ್ತು ಕಣೇ."

"ಹಂಗಾದ್ರೆ ಮುಸುರೆ ಪಾತ್ರೆನೂ ಆ ಕಲೆಯಲ್ಲೇ ತೊಳೀರಿ!"

ಮತ್ತೊಂದು ಬಲೂನು ಒಡೆಯುವ ಧೈರ್ಯ ಯಾರಿಗಿತ್ತು? ಅವನು ಸಿಕ್ಕಿದ್ದನ್ನೇ ಪೆಟ್ಟಿಗೆಗೆ ಉಣಿಸಿ ತಂತಿ ಮೀಟಿದ. ಮೈ ಜುಮ್ಮೆಂದಿತು. ಪ್ರತಿ ಸ್ವರದ ಹಿಂದೆಯೂ ಏನೋ ಒಂದು ಜೀವ ಎದ್ದು, ಏರಿ, ನಡುಗಿ ನಿಲ್ಲುತ್ತಿತ್ತು. ನಮ್ಮ ಸಂಪು ಎಂಥ ಸಂಪಪ್ಪಾ ಎಂದು ಅನಂತರಾಜು ಅದರ ಮುಚ್ಚಳಕ್ಕೇ ಕೈಮುಗಿದ.

ಪೆಂಡಾಲಿನಲ್ಲಿ ಅವನು ನುಡಿಸಲು ಶುರುಮಾಡಿದಾಗ ಪ್ರಸಾದದ ಸಾಲಿನಲ್ಲಿದ್ದವರು ಸಾಲು ಬಿಟ್ಟು ಬಂದರು. (ಕಡಲೆಕಾಳು ಉಸಲಿಯನ್ನು ಬಿಟ್ಟು!) ನುಡಿಸಿ ಮುಗಿಸುವಷ್ಟರಲ್ಲಿ ಮುನಿಶಾಮಪ್ಪನವರು ಕಣ್ಣೊರೆಸಿಕೊಳ್ಳುತ್ತಾ ವೇದಿಕೆ ಹತ್ತಿದರು. ಅನಂತರಾಜು ತಲೆ ಬಾಗಿಸಿ ಆಶೀರ್ವಾದಕ್ಕೆ ಸಿದ್ಧನಾದ.

"ಇದು ನಮ್ ಶಶಿ ಗಂಟ್ಲು ಕಣ್ರಪ್ಪಾ!" ಎಂದು ಅವರು ಮೈಕಿನಲ್ಲೇ ಸಾರಿದರು. "ಚಿಕ್ಕೋಳಿದ್ದಾಗ ತ್ವಾಟದಾಗೆ ನಿಂತು ಇಂಗೇ ಕೂಗ್ತಿದ್ಲು, ಕೆರೆ ಏರಿ ಮೇಲಿನ ದನ ಎಲ್ಲಾ ತಾವಾಗೇ ಮನೇಗೆ ಬರ್ತಿದ್ವು. ಏನ್ ಶಾರೀರ!"

ಚಪ್ಪಾಳೆಯೋ ಚಪ್ಪಾಳೆ. ಸಮಿತಿಯ ಅಧ್ಯಕ್ಷ ಶ್ರೀರಾಮಪ್ಪನವರು ಕಲಾವಿದರಿಗೆಂದು ತಂದಿದ್ದ ಶಾಲನ್ನು ನೇರವಾಗಿ ಒಯ್ದು ಶಶಿರೇಖಾಳಿಗೆ ಹೊದಿಸಿದರು. ಅನಂತರಾಜುವಿಗೆ ಹೊಟ್ಟೆ ಉರಿಯಿತು. ಮನೆಗೆ ಬಂದವನೇ ಸಂಪಿನ ಆ ರೆಕಾರ್ಡಿಂಗ್ ಫೈಲನ್ನು ಎಲ್ಲ ಕಡೆಯಿಂದಲೂ ಅಳಿಸಿಹಾಕಿದ.

ಬೆಳಗ್ಗೆ ಬ್ಯಾಟರಾಯನಪುರದ ಸಮಿತಿಯವರು ಬಾಗಿಲಿಗೇ ಬಂದರು. "ಭಾನುವಾರ ನಮ್ಮಲ್ಲಿ ನೀವೇ ಸಾರ್. ಅದೇ ಸೌಂಡ್ ಇರ್ಬೇಕು, ಬೇರೆ ಏನೂ ಬೇಡ."

ಅವರು ಹೋದ ಮೇಲೆ ಅನಂತರಾಜು ಮತ್ತೆ ಸಂಪು ಖಾಲಿ ಮಾಡಿದ, ಇಳಿದ, ಬಲೂನು ಒಡೆದ. ಶಶಿರೇಖಾ ಬಂದು ಬಗ್ಗಿದಳು. ಹೆಗಲ ಮೇಲೆ ಶಾಲು ಇನ್ನೂ ಇತ್ತು.

"ನೀರೆಲ್ಲ ಚೆಲ್ಬಿಟ್ಟೆ ಕಣೇ," ಎಂದು ಅವನು ಕೆಳಗಿನಿಂದ ಆಸೆಯಿಂದ ಹೇಳಿದ.

"ಹೋಗ್ಲಿ ಬಿಡಿ."

"ಹೊಸ ಟ್ಯಾಂಕರ್ ನೀರೂ ಕಣೇ!"

"ನೀರು ಬರುತ್ತೆ, ಹೋಗುತ್ತೆ."

"ಕೈ ಮುಗೀತೀನಿ, ಒಂದೇ ಒಂದ್ಸಲ ಬೈಯೇ!"

"ಛೇ, ಛೇ," ಎಂದಳು ಶಶಿರೇಖಾ, ಮದುವೆಯಾದಾಗಿನಿಂದ ಅವನು ಕೇಳಿಯೇ ಇರದ ಜೇನಿನಂಥ ದನಿಯಲ್ಲಿ. "ನಾವು ಕಲಾವಿದರು. ಹಂಗೆಲ್ಲ ಗಂಟ್ಲು ಹಾಳ್ಮಾಡ್ಕೋಬಾರ್ದು ಕಣ್ರೀ."