ಕೆಂಪು ದಾರ ಕಟ್ಟಿದ ಲಿವರ್

ಭಾನುವಾರ ಬೆಳಿಗ್ಗೆ ಅತ್ತೆ ಗಂಗಲಕ್ಷ್ಮಮ್ಮ ಕೆ.ಆರ್. ಪುರದಿಂದ ಊಟಕ್ಕೆ ಬರುತ್ತೇನೆಂದು ಫೋನ್ ಮಾಡಿದಲ್ಲಿಂದ ಡಾಕ್ಟರ್ ಸುಗತನ ಕಷ್ಟ ಶುರುವಾಯಿತು. ಕುರಿಯ ಲಿವರ್ ಫ್ರೈ ಎಂದರೆ ಅತ್ತೆಗೆ ಪ್ರಾಣ.

ಸುಗತ ಪೆಥಾಲಜಿಸ್ಟ್. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯನ್ನೋ ಪಿತ್ತಕೋಶವನ್ನೋ ತೆಳ್ಳಗೆ ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗ ಉಂಟೋ ಇಲ್ಲವೋ ಎಂದು ಬರೆದುಕೊಡುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಯಾರ ನಾಡಿಯನ್ನೂ ಹಿಡಿದವನಲ್ಲ. ಒಮ್ಮೆ ಅತ್ತೆ ಬೆನ್ನ ಮೇಲಿನ ಗಂಟು ತೋರಿಸಿ ಏನಿದು ಎಂದು ಕೇಳಿದಾಗ, "ಒಂದು ಚೂರು ತೆಗೆಸಿ ಕಳ್ಸಿ ಅತ್ತೆ, ವಾರದಲ್ಲಿ ರಿಪೋರ್ಟ್ ಕೊಡ್ತೀನಿ" ಎಂದಿದ್ದ. ಅಂದಿನಿಂದ ಅವರು ಸಿಕ್ಕವರಿಗೆಲ್ಲ ಹೇಳುವುದು ಒಂದೇ ಮಾತು: "ನಮ್ಮಳಿಯಂದ್ರು ಡಾಕ್ಟ್ರೇ. ಆದ್ರೆ ನೋಡಿದ್ರೆ ಏನೂ ಗೊತ್ತಾಗಲ್ಲ ಅವ್ರಿಗೆ."

ಹೆಂಡತಿ ಸುಜಾತಾ ಕೈಗೆ ಚೀಲ ಕೊಟ್ಟಳು. "ರೀ, ಒಳ್ಳೇದು ಆರಿಸ್ಕೊಂಡು ಬನ್ನಿ. ಇವತ್ತಾದ್ರೂ ಅಮ್ಮನ ಬಾಯಲ್ಲಿ ಭೇಷ್ ಅನ್ನಿಸ್ಕೊಳ್ಳಿ."

ಲಿವರಿನ ವಿಷಯದಲ್ಲಿ ತಾನು ಫೇಲಾಗುವುದುಂಟೇ ಎಂದುಕೊಂಡು ಸುಗತ ರಿಚರ್ಡ್ಸ್ ಟೌನಿನಿಂದ ಶಿವಾಜಿನಗರಕ್ಕೆ ಹೊರಟ.

ಅನೀಸನ ಮಟನ್ ಅಂಗಡಿಯಲ್ಲಿ ಕೊಕ್ಕೆಗೆ ಆರು ಲಿವರ್ ತೂಗುತ್ತಿದ್ದವು. ಸುಗತ ಮೊದಲನೆಯದನ್ನು ಬೆರಳಿನಿಂದ ಒತ್ತಿ, ಲ್ಯಾಬಿನ ಅಭ್ಯಾಸದಂತೆ ಗೊಣಗಿದ: "ಅಂಚು ಚೂಪಾಗಿದೆ. ಮೇಲೆ ನುಣುಪು. ಗಂಟಿಲ್ಲ. ನಾರ್ಮಲ್."

ಪಕ್ಕದಲ್ಲಿದ್ದ ಮುದುಕಿ ಸಾಬಿರಾ ಬೀ ತಿರುಗಿ ನೋಡಿದಳು. "ನಿಂದು ಏನು ಕೆಲ್ಸ ಬೇಟಾ?"

"ಪೆಥಾಲಜಿಸ್ಟ್. ಕಾಯಿಲೆ ಬಿದ್ದ ತುಂಡು ಪರೀಕ್ಷೆ ಮಾಡೋ ಡಾಕ್ಟರ್."

"ಅನೀಸ್, ಅದು ನನಗೆ ಹಾಕು," ಎಂದಳು ಸಾಬಿರಾ ಬೀ.

ಸುಗತ ಎರಡನೆಯದನ್ನು ಮುಟ್ಟಿ ನಾರ್ಮಲ್ ಎನ್ನುವಷ್ಟರಲ್ಲಿ ವಿಮಾನಪುರದ ಮುತ್ತಣ್ಣ ಎಂಬವರು, "ಥ್ಯಾಂಕ್ಸ್ ಸಾರ್, ನಮ್ಮನೇಲಿ ಬಿ.ಪಿ. ಇದೆ" ಎಂದು ಅದನ್ನು ಕಟ್ಟಿಸಿಕೊಂಡರು. ಬೈಕ್ ಬಿದ್ದ ಜಾಗದಲ್ಲಿ ಸೇರುವಂತೆ ಜನ ಸೇರಿದರು. ಸುಗತನದು ಪಿಸುದನಿ. ಹಿಂದಿನವರಿಗೆ ಕೇಳಲೆಂದು ಅನೀಸ್ ಪ್ರತಿ ತೀರ್ಪನ್ನೂ ಹರಾಜು ಕೂಗುವವನಂತೆ ಕೂಗತೊಡಗಿದ. ಮೂರನೆಯದೂ ಹೋಯಿತು, ನಾಲ್ಕನೆಯದೂ ಹೋಯಿತು.

"ನನಗೂ ಒಂದು ಬೇಕು ಕಣ್ರೀ," ಎಂದ ಸುಗತ.

"ನಿಮ್ಗೇನ್ ಬಿಡಿ ಸಾರ್, ಕಣ್ಣಲ್ಲೇ ಮಿಷಿನ್ ಇದೆ," ಎಂದರು ಮುತ್ತಣ್ಣ.

ಉಳಿದದ್ದು ಎರಡು. ಒಂದು ಪಠ್ಯಪುಸ್ತಕದ ಚಿತ್ರದಂತಿತ್ತು. ಇನ್ನೊಂದರ ಮೇಲೆ ಬಸವನಹುಳು ವಾಕಿಂಗ್ ಮಾಡಿದಂತೆ ಬಿಳಿ ಗೆರೆಗಳು. ಒಳಗೆ ಹುಳು ಬಿದ್ದಿರುವುದು ಖಂಡಿತ. ಸುಗತ ಹನ್ನೊಂದು ವರ್ಷದಲ್ಲಿ ಮೊದಲ ಸಲ ಸುಳ್ಳು ರಿಪೋರ್ಟ್ ಕೊಟ್ಟ. ಒಳ್ಳೆಯದನ್ನು ತೋರಿಸಿ, "ಇದು ಕೆಟ್ಟಿದೆ," ಎಂದ. ಗೆರೆಯದನ್ನು ತೋರಿಸಿ, "ಇದು ಫಸ್ಟ್ ಕ್ಲಾಸ್," ಎಂದ. ಚೆನ್ನಾಗಿ ಬೇಯಿಸಿದರೆ ಯಾರಿಗೂ ಏನೂ ಆಗುವುದಿಲ್ಲವೆಂದು ತನಗೆ ತಾನೇ ಹೇಳಿಕೊಂಡ.

"ಗೆರೆ ಇರೋ ಕಲೇಜಿ ಫಸ್ಟ್ ಕ್ಲಾಸ್," ಎಂದು ಅನೀಸ್ ಕೂಗಿದ್ದೇ ತಡ, ಮೊಣಕೈಗಳ ಸಂದಿಯಿಂದ ಹಸಿರು ಬಳೆಯ ಕೈಯೊಂದು ಚೀಲ ಚಾಚಿ ಅದನ್ನು ಹಾಕಿಸಿಕೊಂಡು ಗುಂಪಿನೊಳಗೆ ಮಾಯವಾಯಿತು.

ಸುಗತ ಕೊನೆಯದಕ್ಕೆ ಕೈಚಾಚಿದ. ಅನೀಸ್ ತಡೆದ. "ಖರಾಬ್ ಮಾಲ್ ನಾನು ಮಾರಲ್ಲ ಡಾಕ್ಟರ್ ಸಾಬ್. ನಾಯಿಗೆ ಹಾಕ್ತೀನಿ."

"ಬೇಡ, ಬೇಡ. ಲ್ಯಾಬಿಗೆ ಬೇಕು. ಸ್ಟಡಿ ಮಾಡ್ಬೇಕು."

ಅನೀಸನಿಗೆ ಭಕ್ತಿಯೇ ಬಂತು. ಪುಕ್ಕಟೆ ಕೊಟ್ಟ. ಮನೆಯಲ್ಲಿ ಯಾರಾದರೂ ತಿಳಿಯದೆ ತಿಂದಾರೆಂದು ಪೊಟ್ಟಣಕ್ಕೆ ಕೆಂಪು ದಾರ ಬಿಗಿದು, ಗುಂಪಿಗೂ ಎತ್ತಿ ತೋರಿಸಿ ಕೂಗಿದ: "ಕೆಂಪು ದಾರದ್ದು ಖರಾಬ್. ಯಾರೂ ತಗೋಬೇಡಿ."

ಸುಗತ ಮದುವೆ ಗಂಡಿನಂತೆ ನಿಧಾನವಾಗಿ ಮನೆಗೆ ಬಂದ. ಬಾಗಿಲಲ್ಲೇ ಅತ್ತೆಯ ಚಪ್ಪಲಿ. ಒಳಗಿಂದ ಮೆಣಸಿನ ಘಮ.

"ಬನ್ನಿ ಅಳಿಯಂದ್ರೇ. ನೀವು ತಡ ಮಾಡ್ತೀರ ಅಂತ ಗೊತ್ತಿತ್ತು. ಶಿವಾಜಿನಗರದಲ್ಲಿ ಬಸ್ಸಿಳಿದೆ ನೋಡಿ, ನಾನೇ ತಂದ್ಬಿಟ್ಟೆ," ಎಂದು ಗಂಗಲಕ್ಷ್ಮಮ್ಮ ಕೈಯಾಡಿಸಿದರು. ಹಸಿರು ಬಳೆ ಝಲ್ಲೆಂದವು. "ಅಲ್ಲೊಬ್ರು ಡಾಕ್ಟ್ರು ಬಂದಿದ್ರು. ಆ ಗುಂಪಲ್ಲಿ ಮುಖ ಎಲ್ಲಿ ಕಾಣುತ್ತೆ. ಒಂದು ಬೆರಳಿಟ್ರು, ಹೇಳಿದ್ರು, ಮುಗೀತು. ಮಿಷಿನ್ನೂ ಬೇಡ, ವಾರಾನೂ ಬೇಡ. ಡಾಕ್ಟ್ರು ಅಂದ್ರೆ ಅವ್ರಪ್ಪ."

ಸುಗತನ ಕೈಯಲ್ಲಿದ್ದ ಪೊಟ್ಟಣ ಅವರ ಕಣ್ಣಿಗೆ ಬಿತ್ತು. "ಅಯ್ಯೋ ಶಿವನೇ, ಕೆಂಪು ದಾರ. ಇಡೀ ಮಾರ್ಕೆಟ್ಟಿಗೆ ಕೂಗಿ ಹೇಳಿದ್ದನ್ನ ನಿಮ್ಮ ಕೈಗೆ ಕಟ್ಟಿದಾರಲ್ಲ." ಮರುಗಳಿಗೆಯಲ್ಲಿ ಪಠ್ಯಪುಸ್ತಕದ ಚಿತ್ರ ಬಾಲ್ಕನಿಯಿಂದ ಹಾರಿತು. ಕೆಳಗಿನ ನಾಯಿ ದಾರದ ಸಮೇತ ಕಚ್ಚಿಕೊಂಡು ಓಡಿತು.

ಸುಗತ ಬಾಯಿ ತೆರೆದ. ಆ ಡಾಕ್ಟರು ನಾನೇ ಎಂದರೆ, ಸುಳ್ಳು ಹೇಳಿದವನೂ ನಾನೇ ಎನ್ನಬೇಕು. ಅಡುಗೆಮನೆಯತ್ತ ತಿರುಗಿದ.

"ಸುಜಾತಾ, ಅತ್ತೆ ತಂದಿದ್ದನ್ನ ಕುಕ್ಕರಿಗೆ ಹಾಕಿ ಎಂಟು ವಿಜಲ್ ಕೂಗಿಸು."

"ಲಿವರ್‌ಗೆ ಎಂಟು ವಿಜಲ್ಲಾ? ರಬ್ಬರ್ ಆಗುತ್ತೆ ಕಣ್ರೀ."

"ಆಗ್ಲಿ."

ಊಟಕ್ಕೆ ಕುಳಿತಾಗ ಅತ್ತೆ ಪ್ರೀತಿಯಿಂದ ದೊಡ್ಡ ತುಂಡನ್ನೇ ಆರಿಸಿ ಅಳಿಯನ ತಟ್ಟೆಗೆ ಹಾಕಿದರು. ಸುಗತ ಹವಾಯಿ ಚಪ್ಪಲಿ ಜಗಿಯುವವನಂತೆ ಕಣ್ಣುಮುಚ್ಚಿ ಜಗಿದ.

"ಹೇಗಿದೆ ಹೇಳಿ ಅಳಿಯಂದ್ರೇ?"

ಸುಗತ ಹೇಗೋ ನುಂಗಿ, ನೀರು ಕುಡಿದ.

"ರಿಪೋರ್ಟ್ ಬರೋಕೆ ಒಂದು ವಾರ ಆಗುತ್ತೆ ಅತ್ತೆ."